ಡೇರಿ ಲೈನಿಗೊಂದು ಪೇಟೆಂಟು

ನಗೋ ಪ್ರಸಂಗ ಹುಡುಕಿಕೊಂಡು ನಾನು ಹೋಗಲ್ಲ, ಅವೇ ನನ್ನ ಮನೆ ಕೇಳಿಕೊಂಡು ಬರ್ತವೆ. ಊರವರು ನಗ್ತಾರೆ, ನನಗೆ ಅಳು ಬರುತ್ತೆ.

ನಾನು ವಕ್ಕಲೇರಿ ಕಡೆ ಮನೆಮನೆಗೆ ಇಂಟರ್ನೆಟ್ ಲೈನ್ ಎಳೆಯೋನು. ಬೆಳಗ್ಗೆ ಡೇರಿಯಲ್ಲಿ ಹಾಲು ಅಳೆಯೋ ಹೊತ್ತಿಗೇ ಊರೆಲ್ಲ ವಿಡಿಯೋ ನೋಡ್ತಾ ಕೂತಿರುತ್ತೆ. ಲೈನು ಸಾಲದೆ ಡೇರಿ ಮಿಷಿನ್ನು ನಿಂತುಬಿಡೋದು. ಅದಕ್ಕೊಂದು ಉಪಾಯ ಮಾಡಿದೆ. ಡೇರಿಯವರ ಹಾಗೆ ಓಟಿಪಿ ಕೊಟ್ಟು ತಾನು ಯಾರು ಅಂತ ಖಾತ್ರಿ ಮಾಡಿಸಿದವರಿಗೆ ಲೈನಲ್ಲಿ ಒಂದು ಪಾಲು ಮೀಸಲು, ಮಿಕ್ಕಿದ್ದು ಮಿಕ್ಕವರಿಗೆ. ಪೇಟೆಂಟಿಗೆ ಅರ್ಜಿ ಹಾಕಿದೆ ನೋಡಿ, ಒಂದು ದೊಡ್ಡ ಕಂಪನಿ 'ಇದು ನಮ್ಮದು' ಅಂತ ತಕರಾರು ತೆಗೀತು. ಈ ಜನ್ಮದಲ್ಲಿ ನಾನಾಗಿ ತಲೆ ಓಡಿಸಿ ಮಾಡಿದ್ದು ಅದೊಂದೇ. ಅದೂ ಹೋದರೆ ನನ್ನದು ಅಂತ ಹೇಳಿಕೊಳ್ಳೋಕೆ ಏನೂ ಇರಲಿಲ್ಲ.

ಎಷ್ಟು ದಿನದಿಂದ?

ಮುಳಬಾಗಿಲಿಂದ ದೊಡ್ಡಮ್ಮ ಬ್ರೆಡ್ಡು, ಎಳನೀರು ಹಿಡಿದುಕೊಂಡು ಬಂದರು.

"ಏಮೈಂದಿ ನಾಯನಾ, ಏನಾಯ್ತೋ? ಪೇಷಂಟಂತಲ್ಲ ನೀನು?"

"ಪೇಷಂಟಲ್ಲ ದೊಡ್ಡಮ್ಮ, ಪೇಟೆಂಟು."

"ಏನೋ ಒಂದು. ಎಷ್ಟು ದಿನದಿಂದ?"

"ನಾಲ್ಕು ವರ್ಷ."

"ಯಾರಿಗೆ ತೋರಿಸ್ತಿದ್ದೀಯ?"

"ಲಾಯರಿಗೆ."

ದೊಡ್ಡಮ್ಮ ನನ್ನ ಹೆಂಡತಿ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ವಿಲ್ ಬರೆಸೋವರೆಗೂ ಹೋಗಿದೆಯೇನೇ?"

ಯಾರದೋ ಬುದ್ಧಿ

ಲಾಯರು ಕೇಸಿನ ಕಾಗದ ಕಳಿಸಿದರು. ಇಂಗ್ಲಿಷಲ್ಲಿ ಒಂದೂವರೆ ಪುಟ, ಎಲ್ಲಾ ಸೇರಿ ಒಂದೇ ವಾಕ್ಯ. ಎರಡು ಸಲ ಓದಿದೆ. ಫೋನ್ ಮಾಡಿ, "ಸಾರ್, ಕಂಪನಿಯವರದು ಭಾರಿ ಇದೆ. ನಮ್ಮ ಕೈಲಿ ಆಗಲ್ಲ, ಬಿಟ್ಟುಬಿಡೋಣ" ಅಂದೆ.

"ರೀ, ಅದು ನಿಮ್ಮದೇ ಅರ್ಜಿ ಕಣ್ರೀ" ಅಂದರು.

ಸಾಕ್ಷಿ

ವಿಚಾರಣೆ ವಿಡಿಯೋದಲ್ಲಿ, ಡೇರಿ ಆಫೀಸಲ್ಲೇ ಕೂತೆವು. ನನ್ನ ಸಾಕ್ಷಿ ಡೇರಿ ಸೆಕ್ರೆಟರಿ, ಅಂದರೆ ನನ್ನ ಸೋದರಮಾವ. ಲಾಯರು ಮೊದಲೇ ಎಚ್ಚರಿಸಿದ್ದರು: "ಮಾಡಿದ್ದು ಅಳಿಯ ಅಂತಷ್ಟೇ ಹೇಳಿ. ಅರ್ಜಿಗೆ ಮುಂಚೆ ಇದು ಊರಿಗೆಲ್ಲ ಗೊತ್ತಿತ್ತು ಅಂದ್ರೆ ಹೊಸದಲ್ಲ ಅಂತಾಗುತ್ತೆ, ಪೇಟೆಂಟು ಸಿಗಲ್ಲ." ಮಾವ ತಲೆಯಾಡಿಸಿದ್ದರು.

ಕಂಪನಿ ವಕೀಲರು ನಗುತ್ತಾ ಕೇಳಿದರು: "ನಿಮ್ಮ ಅಳಿಯ ಹಿಂಗೊಂದು ಮಾಡಿದ್ದು ಯಾರಿಗೂ ಗೊತ್ತೇ ಇಲ್ಲವಂತಲ್ಲ?"

ಮಾವನಿಗೆ ಮೈ ಉರಿಯಿತು. "ಯಾರು ಸ್ವಾಮಿ ಹೇಳಿದ್ದು? ಅರ್ಜಿ ಹಾಕೋಕೆ ಎರಡು ವರ್ಷ ಮುಂಚೇನೇ ಗ್ರಾಮಸಭೇಲಿ ಮೈಕ್ ಹಿಡಿದು ಹೇಳಿದ್ದೀನಿ. ಲಕ್ಕೂರು ಡೇರಿಯವರು ಬಂದು ನೋಡಿ ಅವರೂ ಹಾಕಿಸ್ಕೊಂಡ್ರು."

ನಮ್ಮ ಲಾಯರು ತಲೆ ಮೇಲೆ ಕೈ ಹೊತ್ತರು. ನಾನು ಮಾವನ ಪಂಚೆ ಜಗ್ಗಿದೆ.

"ಸುಮ್ನಿರೋ, ನಿನ್ನ ಮರ್ಯಾದೆ ಪ್ರಶ್ನೆ ಇದು" ಅಂತ ಕೊಡವಿಕೊಂಡು ಎದ್ದು, ಈ ಲೈನಿನ ಬಗ್ಗೆ ಬಂದಿದ್ದ, ಗೋಡೆಗೆ ನೇತುಹಾಕಿದ್ದ ಹಳೇ ಪೇಪರ್ ಸುದ್ದಿಯನ್ನ ಫ್ರೇಮ್ ಸಮೇತ ಇಳಿಸಿ ಕ್ಯಾಮೆರಾಗೆ ಹಿಡಿದರು. "ತಾರೀಖೂ ಇದೆ, ಓದ್ಕೊಳ್ಳಿ ಸ್ವಾಮಿ."

ವಕೀಲರು ನಿಧಾನವಾಗಿ ಓದಿಕೊಂಡು, ಮಾವನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಹಾಕಿದರು. ನನ್ನ ನಾಲ್ಕು ವರ್ಷ ಅಲ್ಲಿಗೆ ಮುಗಿಯಿತು. ಅಳು ತಡೆಯೋಕಾಗಲಿಲ್ಲ.

ಮಾವ ನನ್ನ ಬೆನ್ನು ತಟ್ಟಿದರು. "ಅಳಬೇಡ ಕಣೋ. ನೋಡ್ದಾ, ಅವನೇ ಕೈ ಮುಗಿಯೋ ಹಂಗೆ ಮಾಡಿಬಿಟ್ಟೆ."