ಮೂಗು ಹೇಳಿದ ಸಾಕ್ಷಿ

ನನ್ನ ಮೂಗಿನ ಬಗ್ಗೆ ನನಗೆ ವಿಪರೀತ ಜಂಬ. ಶೃಂಗೇರಿಯಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟವನು ನಾನು. ಕಣ್ಣು ಮುಚ್ಚಿಕೊಂಡೇ ಕರ್ಪೂರದ ಕಲಬೆರಕೆ ಹಿಡಿಯುತ್ತೇನೆ. ಇಂಥ ಘನತೆವೆತ್ತ ನಾಸಿಕದ ಒಡೆಯನನ್ನು ಕಟ್ಟಿಕೊಂಡ ಶ್ರೀವಿದ್ಯಾ ಪ್ರತಿವರ್ಷ ಒಂದು ಭರಣಿ ಉಪ್ಪುಸೊಳೆ ಹಾಕುತ್ತಾಳೆ. (ಹಲಸಿನಕಾಯಿಯ ಸೊಳೆಗಳನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುವುದು. ವಾಸನೆಯ ವಿಚಾರ ನಾನು ಹೇಳಬಾರದು, ಅದು ಅವಳ ತವರಿನ ವಿದ್ಯೆ.)

ಆ ಭರಣಿಯನ್ನು ಗಡೀಪಾರು ಮಾಡುವುದು ನನ್ನ ಬಹುಕಾಲದ ಕನಸು. ಒಂದು ಭಾನುವಾರ ಅವಕಾಶ ತಾನಾಗಿ ಬಂತು. ಬೆಳಿಗ್ಗೆಯಿಂದ ಮನೆಯೆಲ್ಲ ಕೆಟ್ಟ ನಾತ. ಮೂಸುತ್ತ ಹೋದರೆ ಮೆಟ್ಟಿಲ ಕೆಳಗಿನ ಮೂಲೆ. ಅಲ್ಲಿರುವುದು ಎರಡೇ: ಇನ್ವರ್ಟರಿನ ಬ್ಯಾಟರಿ, ಪಕ್ಕದಲ್ಲಿ ಭರಣಿ.

"ಕೊಳೆತುಹೋಗಿದೆ ಮಾರಾಯ್ತಿ, ಗೊಬ್ಬರದ ಗುಂಡಿಗೆ ಸುರಿ!"

"ನನ್ನ ಸೊಳೆ ಕೊಳೆಯೋದಾ? ನಿಮ್ಮ ಮೂಗೇ ಕೊಳೆತಿರ್ಬೇಕು!"

"ಮೂಗಿನ ಸುದ್ದಿಗೆ ಬರ್ಬೇಡ!"

"ಆಯ್ತು, ಅಂಗಳದಲ್ಲಿ ಇಡ್ತೀನಿ. ನಾತ ಹೋದ್ರೆ ಗುಂಡಿಗೆ. ಹೋಗ್ದಿದ್ರೆ ಇದರ ಪಲ್ಯ ನೀವು ತುಟಿಪಿಟಕ್ ಅನ್ನದೆ ತಿನ್ಬೇಕು."

ಭರಣಿ ಅಂಗಳ ಸೇರಿತು. ನಾತ ಹೋಗಲಿಲ್ಲ, ಏರಿತು. ಸೋಲು ಮುಚ್ಚಿಕೊಳ್ಳಲು ನಾನು ಒಂದು ಕಟ್ಟು ಊದುಬತ್ತಿಯನ್ನೂ ಬೆಂಕಿಪೊಟ್ಟಣವನ್ನೂ ತಂದೆ. ಅಷ್ಟರಲ್ಲಿ ಬಗ್ಗಿ ನೋಡಿದ ಶ್ರೀವಿದ್ಯಾ, "ಅಯ್ಯೋ, ಬ್ಯಾಟರಿ ಹೊಟ್ಟೆ ಉಬ್ಬಿದೆಯಲ್ರೀ!" ಎಂದು ಇನ್ವರ್ಟರ್ ರಿಪೇರಿಯ ರಾಕೇಶನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಎಂತ ವಾಸ್ನೆ ಅಕ್ಕಾ?"

"ಹೇಳೋಕೇ ಬರಲ್ಲ ಮಾರಾಯ, ಇಂಥದ್ದು ಜನ್ಮದಲ್ಲಿ ಮೂಸಿಲ್ಲ."

ನನ್ನ ಮೂಗಿಗೆ ಇದಕ್ಕಿಂತ ಸುಸಂದರ್ಭ ಬೇಕೇ? ಫೋನ್ ಕಿತ್ತುಕೊಂಡೆ. "ರಾಕೇಶ, ಥೇಟ್ ಕೋಳಿಮೊಟ್ಟೆ! ಆಮ್ಲೆಟ್ ಅಲ್ಲ, ಅದು ಘಮ್ಮಂತ ಇರುತ್ತೆ. ಇದು ಬೇಯಿಸಿದ್ದು, ಅದೂ ಹಳಸಿದ್ದು."

"ಭಟ್ರೇ, ಬೇಗ ಮೇನ್ ಸ್ವಿಚ್ ಆಫ್ ಮಾಡಿ! ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಓವರ್‌ಚಾರ್ಜ್ ಆಗಿ ಬ್ಯಾಟರಿ ವಿಷದ ಗ್ಯಾಸ್ ಬಿಡ್ತಿದೆ. ಕಡ್ಡಿ ಗೀರಿದ್ರೆ ಢಂ! ಇನ್ವರ್ಟರ್ ಹಿಂದಿನ ಚಾರ್ಜಿಂಗ್ ಗುಂಡಿ ಯಾರಾದ್ರೂ ತಿರುಗಿಸಿದ್ರಾ?"

ನಾನು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡೆ. (ಬೇಗ ಚಾರ್ಜ್ ಆಗಲೆಂದು ಗುಂಡಿ ತಿರುಗಿಸಿದ ಮಹಾನುಭಾವನೂ ನಾನೇ. ಅದು ನಿಮ್ಮಲ್ಲೇ ಇರಲಿ.)

ಜಗಲಿಯ ಮೇನ್ ಸ್ವಿಚ್ ಆರಿಸಿ ಇಬ್ಬರೂ ಅಂಗಳದಲ್ಲಿ ಭರಣಿಯ ಪಕ್ಕ ನಿಂತೆವು. ನಾನು ಎದೆಯುಬ್ಬಿಸಿ, "ನೋಡಿದ್ಯಾ, ನನ್ನ ಮೂಗು ಇಬ್ಬರ ಜೀವ ಉಳಿಸ್ತು!" ಎಂದೆ.

"ಹೌದಪ್ಪ," ಎಂದಳು ಶ್ರೀವಿದ್ಯಾ, ಬಹಳ ಮೆತ್ತಗೆ. "ಒಂದೇ ಡೌಟು. ಬೇಯಿಸಿದ್ದು ಹೇಗಿರುತ್ತೆ, ಆಮ್ಲೆಟ್ ಹೇಗಿರುತ್ತೆ ಅಂತ ಆ ಮೂಗಿಗೆ ಪಾಠ ಆಗಿದ್ದೆಲ್ಲಿ? ಅಂಗಡಿ ಸಾಮಾನಿಗೆ ಅಂತ ಶಿವಮೊಗ್ಗಕ್ಕೆ ಹೋಗ್ತೀರಲ್ಲ, ಅಲ್ಲೇ ಆಗಿದ್ದಾ?"

ಬ್ಯಾಟರಿ ಬದಲಾಯಿತು. ಭರಣಿ ಮೆಟ್ಟಿಲ ಕೆಳಗೆ ಮರಳಿತು. ಸಾಮಾನು ತರಲು ಶಿವಮೊಗ್ಗಕ್ಕೆ ಈಗ ಶ್ರೀವಿದ್ಯಾಳೇ ಹೋಗುತ್ತಾಳೆ, ನನಗೆ ಉಪ್ಪುಸೊಳೆ ಪಲ್ಯ ಮಾಡಿಟ್ಟು. ವಾಪಸು ಬಂದವಳು ಚೀಲ ಇಳಿಸುವ ಮೊದಲು ನನ್ನ ಬಾಯಿ ಮೂಸುತ್ತಾಳೆ.