ಪಾಳಿಯಲ್ಲಿ ನಿಂತ ಮಾತು

ಕಂಪ್ಯೂಟರ್ ಕಲಿಸಿ ಹೊಟ್ಟೆ ಹೊರೆಯುವವನನ್ನು ನಗೆಪಾಟಲು ಮಾಡಲು ಹೊರಗಿನವರು ಬೇಕಿಲ್ಲ. ತಾನು ಬರೆದ ಪ್ರೋಗ್ರಾಮೇ ಸಾಕು. ನನಗಂತೂ ಇದು ಆಗುತ್ತಲೇ ಬಂದಿದೆ. ಈಗ ನೆನೆದರೆ ನಗು ಬರುತ್ತದೆ, ಅದರ ಹಿಂದೆಯೇ ಸಂಕಟವೂ ಬರುತ್ತದೆ.

೧. ಗಿರಣಿಯಲ್ಲಿ ಪಾಠ

ತೊಂಬತ್ತೆಂಟು-ತೊಂಬತ್ತೊಂಬತ್ತರ ಮಾತು. ಕೊಪ್ಪಳದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್. ಕಲಿಸುವವರು ಇಬ್ಬರೇ: ನಾನು ಮತ್ತು ಕುಷ್ಟಗಿಯ ಒಬ್ಬ ಮೇಡಂ. ಮೌಸಿನ ಪ್ರತಿ ಕ್ಲಿಕ್ಕೂ ಬಂದು ಪಾಳಿಯಲ್ಲಿ ನಿಲ್ಲುತ್ತದೆ, ಪ್ರೋಗ್ರಾಮು ಒಂದನ್ನು ಮುಗಿಸಿಯೇ ಇನ್ನೊಂದನ್ನು ಎತ್ತಿಕೊಳ್ಳುತ್ತದೆ ಎಂದು ನಾನು ಬೋರ್ಡಿನ ತುಂಬ ಬಾಣ ಬರೆದೆ. ಹುಡುಗರು ಬಾಣಗಳನ್ನು ಚಂದವಾಗಿ ಇಳಿಸಿಕೊಂಡರು, ಅಷ್ಟೆ.

ಮೇಡಂ ಎಲ್ಲರನ್ನೂ ಕೆಳಗೆ ಕರೆದೊಯ್ದರು. ಗಿರಣಿಯಲ್ಲಿ ಜೋಳದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಇಟ್ಟವರು ಮನೆಗೆ ಹೋಗಿದ್ದರು.

"ಡಬ್ಬಿ ಅಂದ್ರ ಕ್ಲಿಕ್ಕು. ಗಿರಣಿ ಅಣ್ಣ ಅಂದ್ರ ಪ್ರೋಗ್ರಾಮು. ತಿಳೀತ?"

"ಅಣ್ಣ ಒಂದ ಡಬ್ಬಿ ಹಿಡಕೊಂಡು ಕುಂತುಬಿಟ್ರ ಏನ್ರಿ ಮೇಡಂ?" ಎಂದು ಒಬ್ಬ ಕೇಳಿದ.

"ಒಂದೀಟು ಹೊತ್ತು ಕಾಯೂದು. ಆಮ್ಯಾಲೆ ಡಬ್ಬಿ ಎತ್ಕೊಂಡು ಬ್ಯಾರೆ ಗಿರಣಿಗೆ ಹೋಗೂದು."

ಗಿರಣಿಯವನು ಕೈಮುಗಿದ: "ಅಕ್ಕಾರ, ಪಾಠ ಮ್ಯಾಲೆ ಹೋಗಿ ಹೇಳ್ರಿ. ಗಿರಾಕಿ ಕೇಳಿಸ್ಕೊಂತಾರ."

೨. ಸಾಹುಕಾರರ ಕ್ಲಿಕ್ಕು

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಲಾರಿ ತೂಕದ ಚೀಟಿ ಕೊಡುವ ಪ್ರೋಗ್ರಾಮನ್ನು ನಾವಿಬ್ಬರೂ ಸೇರಿ ಬರೆದೆವು. ಮೊದಲ ದಿನ ಸಾಹುಕಾರರೇ ಕುಳಿತು ಪ್ರಿಂಟ್ ಬಟನ್ ಒತ್ತಿದರು. ಅವರ ಪ್ರಿಂಟರು ಹುಟ್ಟಾ ನಿಧಾನ. ಚೀಟಿ ಬರಲಿಲ್ಲವೆಂದು ಅವರು ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು. ಆಮೇಲೆ ಚೀಟಿಗಳು ಬರತೊಡಗಿದವು. ಲಾರಿ ಹೋಗಿಬಿಟ್ಟರೂ ಅದರ ಚೀಟಿಗಳು ನಿಲ್ಲಲಿಲ್ಲ.

"ನಿಂದರ್ಸ್ರಿ ಅದನ್ನ!"

"ನಿಲ್ಲಿಸೋ ಬಟನ್ ಆಗಲೇ ಒತ್ತೀನ್ರಿ ಸಾವ್ಕಾರ. ಅದೂ ಪಾಳ್ಯಾಗ ಕಡೀಗೆ ನಿಂತೈತಿ" ಎಂದೆ.

ಸಾಹುಕಾರರು ಸ್ವಲ್ಪ ಯೋಚಿಸಿದರು. "ಹಂಗಾರ ಅದಕ್ಕ ತಿಳಿಸಿ ಹೇಳ್ರಿ, ಇದು ಸಾವ್ಕಾರಂದು ಐತಿ, ಮುಂದ ಬಿಡು ಅಂತ."

ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಆ ನಗುವೆಂದರೆ ನನಗೆ ಜೀವ. ಹೇಳಿರಲಿಲ್ಲ, ಅಷ್ಟೇ.

೩. ತಿರುಗಿ ಬರುವಾಗ

ಕೊಪ್ಪಳದ ಬಸ್ಸಿನಲ್ಲಿ ಮೇಡಂ ಎಂದರು, "ಮನ್ಯಾಗ ಗಂಡು ನೋಡಾಕತ್ಯಾರ್ರಿ ಸರ್. ನಾ ಏನ್ ಹೇಳ್ಲಿ?"

ನನ್ನನ್ನು ಕೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತೋ. ನನ್ನ ತಲೆಯ ತುಂಬ ಆ ಹಾಳು ಚೀಟಿಗಳು.

"ಈ ಪ್ರಿಂಟಿಂದು ಒಂದು ಮುಗೀಲಿ ತಡೀರಿ ಮೇಡಂ. ಆಮ್ಯಾಲೆ ಮಾತಾಡೂಣು."

"ಆತ್ರಿ. ಪಾಳಿ ಹಚ್ಚೀನಿ" ಎಂದರು.

ಮೂರ್ಖ ನಾನು. ಅದನ್ನು ತಮಾಷೆ ಎಂದುಕೊಂಡು ಗಿಣಿಗೇರಾದವರೆಗೂ ನಕ್ಕೆ.

೪. ಕುಷ್ಟಗಿಯ ಚಹಾ

ಒಂದು ಸಲ ಒತ್ತಿದರೆ, ಚೀಟಿ ಹೊರಬೀಳುವ ತನಕ ಬಟನ್ ಮತ್ತೆ ಒತ್ತಿಸಿಕೊಳ್ಳದ ಹಾಗೆ ಮಾಡಿದೆ. ಅದಕ್ಕೇ ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಮೇಡಂ ರಜೆ ಹಾಕಿ ಊರಿಗೆ ಹೋಗಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಕುಷ್ಟಗಿಗೆ ಹೋದೆ.

ಅವರ ತಂದೆ ಕಟ್ಟೆಯಿಂದ ಎದ್ದೇ ಬಂದರು. "ಬರ್ರಿ ಸರ್, ಬರ್ರಿ! ನಾವ ನಿಮ್ಮ ಕಡೆ ಬರಾವ್ರಿದ್ವಿ!"

ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

"ಮೊನ್ನೆ ಹುಡುಗೀದು ನಿಶ್ಚಯ ಆತ್ರಿ. ಲಗ್ನಪತ್ರಿಕಿ ನಿಮ್ಮ ಕಂಪ್ಯೂಟರಿನ್ಯಾಗ ತಗದು ಕೊಡ್ರಿ."

ಮೇಡಂ ಚಹಾ ತಂದರು. "ಪ್ರಿಂಟಿಂದು ಮುಗೀತೇನ್ರಿ ಸರ್?"

"ಮುಗೀತ್ರಿ."

"ಭಾಳ ಹೊತ್ತು ನಿಂತಿದ್ದೆ ನೋಡ್ರಿ, ನಿಮ್ಮ ಗಿರಣಿ ಮುಂದ" ಎಂದು ನಕ್ಕರು. ಅದೇ ನಗು.

ಕೊಪ್ಪಳಕ್ಕೆ ಬಂದು ಲಗ್ನಪತ್ರಿಕೆಯನ್ನು ನಾನೇ ಟೈಪ್ ಮಾಡಿದೆ, ವರನ ಹೆಸರನ್ನು ದಪ್ಪ ಅಕ್ಷರದಲ್ಲಿ. ಸಾಹುಕಾರರು ಬೇಸತ್ತು ಆ ನಿಧಾನದ ಪ್ರಿಂಟರನ್ನು ನಮ್ಮ ಸೆಂಟರಿಗೇ ಸಾಗಹಾಕಿದ್ದರು. ಇವತ್ತೊಂದು ದಿನವಾದರೂ ತಡಮಾಡಪ್ಪ ಎಂದು ಬೇಡಿಕೊಂಡು ಬಟನ್ ಒತ್ತಿದೆ.

ಆ ದರಿದ್ರ ಪ್ರಿಂಟರು, ಜನ್ಮದಲ್ಲಿ ಮೊದಲ ಸಲ, ಒತ್ತಿದ ಕೂಡಲೇ ಕೊಟ್ಟುಬಿಟ್ಟಿತು.