ಭಾವನ ಚಕ್ರದ ಮನೆ

ನಮ್ಮ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ತಲೆ ಸರಿಯಿಲ್ಲ ಎಂದು ಊರಿನಲ್ಲಿ ಹೇಳದವರೇ ಇರಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ದಿನ, ಹೊಸಿಲ ಮೇಲಿನ ಅಕ್ಕಿ ಸೇರು ಒದೆಯುವ ಮೊದಲೇ, ಯಾರೋ ನನ್ನ ಕಿವಿಯಲ್ಲಿ ಉಸುರಿದರು: "ನಿನ್ ಗಂಡ ಪರ್ವಾಗಿಲ್ಲ ಕಣಮ್ಮ. ಅವನ ಅಣ್ಣನ್ನ ಮಾತ್ರ ಒಸಿ ನೋಡ್ಕೊ." ನೋಡಿಕೊಂಡೆ. ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಆ ಮನೆಯಲ್ಲಿ ತಲೆ ಸರಿಯಿದ್ದದ್ದು ಅವರೊಬ್ಬರಿಗೇ! ಒಪ್ಪದವರು ವಾದಕ್ಕೆ ಬರಬಹುದು, ನಾನಿನ್ನೂ ಗಟ್ಟಿಯಾಗಿದ್ದೇನೆ.

ಭಾವ ಕೋರಮಂಡಲ್ ಚಿನ್ನದ ಗಣಿಯಲ್ಲಿ ಬಡಗಿ. ಮರದ ಕೆಲಸ ಅಂದರೆ ಅವರಿಗೆ ಪ್ರಾಣ. ಬೇರೆಯವರು ಮಾಡಿದ ಮರದ ಕೆಲಸ ಅಂದರೆ ಪ್ರಾಣಸಂಕಟ. ಹಾಗಾಗಿ ಎಲ್ಲಿಗೆ ಹೋದರೂ ತಾವೇ ಮಾಡಿದ ಒಂದು ಮಡಚುವ ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ಬೀಗರ ಮನೆಗೂ ಸ್ಟೂಲು, ಸಾವಿನ ಮನೆಗೂ ಸ್ಟೂಲು. ಅದರ ಮೇಲೆ ಅವರೊಬ್ಬರೇ ಕೂರಬೇಕು. ಹೆತ್ತ ತಾಯಿಗೂ ಅದು ಸಿಕ್ಕಿರಲಿಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಸೀಟುಗಳು ಖಾಲಿ ಬಿದ್ದಿದ್ದರೂ ಭಾವ ಡಬ್ಬಿಯ ನಡುಮಧ್ಯೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ಹೊಸದಾಗಿ ಬಂದ ಟಿಕೆಟ್ ಕಲೆಕ್ಟರಿಗೆ ರೇಗಿತು.

"ಏನಯ್ಯಾ, ಇಷ್ಟು ಸೀಟು ಕಾಣ್ಸಲ್ವಾ?"

"ಕಾಣ್ಸುತ್ತೆ ಸಾರ್. ಅಲ್ಲಾಡೋದೂ ಕಾಣ್ಸುತ್ತೆ. ನಿಮ್ಮ ರೈಲ್ನಲ್ಲಿ ಅಲ್ಲಾಡ್ದೇ ಇರೋದು ಇದೊಂದೇಯ. ಬೇಕಾದ್ರೆ ಇದಕ್ಕೂ ಅರ್ಧ ಟಿಕೀಟು ಅರೀರಿ."

ಇನ್ನೊಮ್ಮೆ ನೆಂಟರ ಮದುವೆಯಲ್ಲಿ ಮದುಮಗನನ್ನೇ ಎಬ್ಬಿಸಿ, ಅವನ ಕುರ್ಚಿಯನ್ನು ತಲೆಕೆಳಗೆ ಮಾಡಿ, ಕೀಲುಗಳನ್ನೆಲ್ಲ ಅಲುಗಿಸಿ ನೋಡಿ, "ಇದು ಮುಹೂರ್ತದ ತಂಕ ನಿಲ್ಲಲ್ಲ" ಎಂದು ಸಭೆಗೆಲ್ಲ ಕೇಳುವಂತೆ ಹೇಳಿದರು. ಹೆಣ್ಣಿನ ಕಡೆಯವರು ಕೆಂಡವಾದರು. ಕುರ್ಚಿ ಮಾತ್ರ ಭಾವ ಹೇಳಿದ ಹಾಗೆಯೇ ನಡೆದುಕೊಂಡಿತು!

ಇಂಥ ಭಾವ ಒಂದು ಸಲ ಗಣಿಯ ಬಿಳಿ ದೊರೆಯೊಬ್ಬನ ಬಂಗಲೆಗೆ ಬಾಗಿಲು ರಿಪೇರಿಗೆ ಹೋದರು. ಬಂಗಲೆಯ ಬಾಗಿಲಲ್ಲ, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆಯ ಬಾಗಿಲು. ಕಾರವಾನ್ ಅಂತೆ ಅದರ ಹೆಸರು. ರಜೆ ಬಂತೆಂದರೆ ದೊರೆ ತನ್ನ ದೊರೆಸಾನಿಯನ್ನು ಅದರಲ್ಲಿ ಕೂರಿಸಿಕೊಂಡು ಯಾವುದಾದರೂ ನೀರಿನ ದಂಡೆಗೆ ಹೋಗಿ, ಏನೂ ಮಾಡದೆ ಕೂತು ಬರುತ್ತಿದ್ದನಂತೆ. ಸಂಜೆ ಭಾವ ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ವರದಿ ಒಪ್ಪಿಸಿದರು.

"ಮಂಚ ಐತೆ, ಕಿಟ್ಕಿ ಐತೆ, ಪರ್ದೆ ಐತೆ, ಒಲೆ ಐತೆ. ದೊರೆ ತಾನೇ ಟೀ ಕಾಸಿ ದೊರೆಸಾನಿ ಕೈಗೆ ಕೊಟ್ಟ. ಕೊಟ್ಟು, ಸಕ್ರೆ ಸಾಕಾ ಅಂತ ಕೇಳ್ದ."

"ಇಂಗ್ಲೀಸ್ನಾಗೆ ಕೇಳಿದ್ದು ನಿನಗೆಂಗ್ಲಾ ತಿಳೀತು?" ಎಂದರು ನಮ್ಮ ಅತ್ತೆ.

"ಚಮಚ ಎತ್ತಿ ಇಡ್ದು ಕೇಳ್ದ ಕಣವ್ವ. ಚಮಚಕ್ಕೂ ಇಂಗ್ಲೀಸಾ?"

ಒಲೆಯ ಮುಂದೆ ಕೂತಿದ್ದ ಅಕ್ಕ ನಕ್ಕರು. ಅಕ್ಕ ಅಂದರೆ ಭಾವನ ಹೆಂಡತಿ, ನನ್ನ ಓರಗಿತ್ತಿ. ಅವರು ನಗುವುದೇ ಅಪರೂಪ. ಮದುವೆಯಾಗಿ ಬಹಳ ವರ್ಷಗಳಾಗಿದ್ದರೂ ಅವರಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ಊರಿನ ಯಾವ ಸೀಮಂತಕ್ಕೂ, ತೊಟ್ಟಿಲು ಶಾಸ್ತ್ರಕ್ಕೂ ಅವರಿಗೆ ಕರೆಯಿಲ್ಲ. ರಾಗಿ ಬೀಸುವುದಕ್ಕೆ, ಮುದ್ದೆ ತಿರುವುವುದಕ್ಕೆ, ನನ್ನ ಮಕ್ಕಳ ಮೂಗು ಒರೆಸುವುದಕ್ಕೆ ಮಾತ್ರ ಕರೆ ಬೇಕಾದಷ್ಟು!

ಮರುದಿನದಿಂದಲೇ ನಮ್ಮ ಹಿತ್ತಿಲಿನಲ್ಲಿ ಎತ್ತಿನ ಗಾಡಿಯ ಮೇಲೆ ಮನೆ ಏಳತೊಡಗಿತು. ಬಾಗಿಲು, ಬಾಗಿಲಿಗೆ ಚಿಲಕ, ತೆರೆದು ಮುಚ್ಚುವ ಕಿಟಕಿ, ಮಡಚಿದರೆ ಗೋಡೆಗೆ ಅಂಟುವ ಮಂಚ. ಪರದೆಗೆ ಅಕ್ಕನ ಹಳೇ ಸೀರೆ. ಊರವರು ಬೇಲಿಯಾಚೆ ನಿಂತು ನೋಡಿ ಹಲ್ಲು ಕಿರಿಯುತ್ತಿದ್ದರು. ಅತ್ತೆ ದಿನಾ ಕೇಳುತ್ತಿದ್ದರು: "ಇರಕ್ಕೊಂದು ಮನೆ ಐತಲ್ಲ, ಗಾಡಿ ಮ್ಯಾಲೊಂದು ಯಾಕ್ಲಾ?" ಭಾವ ದಿನಾ ಒಂದೇ ಉತ್ತರ ಕೊಡುತ್ತಿದ್ದರು: "ಈ ಮನೇಲಿ ಎಲ್ರೂ ಇದ್ದೀರಲ್ಲ, ಅದಕ್ಕೇಯ."

ಈಗ ನಿಜವಾದ ಸಂಗತಿಗೆ ಬರುತ್ತೇನೆ. ಹೇಳುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಗಾಡಿಗೆ ಬಣ್ಣ ಬೀಳುವ ಹೊತ್ತಿಗೆ ಅತ್ತೆ ಗುಟ್ಟಾಗಿ ಇನ್ನೊಂದು ಕೆಲಸ ಕೈಗೆತ್ತಿಕೊಂಡಿದ್ದರು: ಭಾವನಿಗೆ ಎರಡನೇ ಮದುವೆ. ಹೆಣ್ಣು ಬಂಗಾರಪೇಟೆಯ ದೂರದ ನೆಂಟರದು. ಎರಡು ದಿನದ ಕ್ರಿಸ್ಮಸ್ ರಜೆಗೆ ಭಾನುವಾರ ಅಂಟಿಕೊಂಡು ಆ ವರ್ಷ ಗಣಿಗೆ ಮೂರು ದಿನ ಒಟ್ಟಿಗೆ ರಜೆ. ಗಂಡು ಮನೆಯಲ್ಲೇ ಇರುತ್ತಾನೆ, ಹೆಣ್ಣಿನ ತಂದೆ ಬಂದು ನೋಡಿ ಮಾತು ಮುಗಿಸಿಕೊಂಡು ಹೋಗಲಿ ಎಂದು ಗೊತ್ತುಮಾಡಿದ್ದರು. ನಾನು ಸುಮ್ಮನಿದ್ದೆನೇ? ಖಂಡಿತ ಇಲ್ಲ!

"ಅತ್ತೆ, ಒಬ್ಬ ಹೆಂಡ್ತಿ ಇರೋವಾಗ ಇನ್ನೊಬ್ಬಳನ್ನ ಕಟ್ಕೋಬಾರ್ದು ಅಂತ ಕಾನೂನು ಬಂದೈತಂತೆ."

"ಕಾನೂನು ಡೆಲ್ಲೀಲೈತೆ. ನಮ್ಮನೆ ಇಲ್ಲೈತೆ. ನೀನು ಸೊಪ್ಪು ಬಿಡ್ಸು."

ಬರುವವರಿಗೆ ಒಬ್ಬಟ್ಟಿನ ಊಟ. ಒಬ್ಬಟ್ಟಿಗೆ ಹೂರಣ ರುಬ್ಬಬೇಕಾದವರು ಯಾರು? ಅಕ್ಕ! ತನ್ನ ಜಾಗಕ್ಕೆ ಬರುವವಳ ಮಾತುಕತೆಯ ಸಿಹಿಯನ್ನು ತಾನೇ ರುಬ್ಬಬೇಕು. ಹಿಂದಿನ ಸಂಜೆ ಅಕ್ಕ ಒರಳಿನ ಮುಂದೆ ಕೂತು ಬೇಳೆ ಬೆಲ್ಲ ರುಬ್ಬುತ್ತಿದ್ದರು. ಮುಖ ತಗ್ಗಿತ್ತು, ಕೈ ಮಾತ್ರ ತಿರುಗುತ್ತಿತ್ತು. ಭಾವ ಗಣಿಯಿಂದ ಬಂದವರು ಅಲ್ಲೇ ನಿಂತರು.

"ಯಾರಿಗೆ ಇದು?"

ಅಕ್ಕನ ಬದಲು ನಾನೇ ಹೇಳಿದೆ, ಒಂದಕ್ಷರ ಬಿಡದೆ. ಭಾವ ಹೋಗಿ ಗಾಡಿಯ ಕೀಲಿಗೆ ಎಣ್ಣೆ ಹಾಕಿದರು.

ಬೆಳಗ್ಗೆ ಅವರು ಎತ್ತು ಹೂಡಿ, "ನಡಿ" ಎಂದು ಅಕ್ಕನನ್ನು ಕರೆದರು. ಅಕ್ಕ ಅತ್ತೆಯ ಮುಖ ನೋಡಿದರು, ಭಾವನ ಮುಖ ನೋಡಿದರು, ಸೆರಗಿಗೆ ಕೈ ಒರೆಸಿಕೊಂಡು ಹತ್ತಿ ಕೂತೇಬಿಟ್ಟರು. ಅತ್ತೆ ಎತ್ತಿನ ಮೂಗುದಾರ ಹಿಡಿದುಕೊಂಡರು.

"ಎಲ್ಲಿಗ್ಲಾ ಓಗ್ತಿದ್ದೀಯ?"

"ಕ್ಯಾಸಂಬಳ್ಳಿ ಆಚೆ, ಕೆರೆ ಕಾಲ್ವೆ ತಾವ್ಕೆ."

"ಅಲ್ಲೇನ್ಲಾ ಕೆಲ್ಸ ನಿನಗೆ?"

"ಕೆಲ್ಸ ಇಲ್ಲ ಕಣವ್ವ. ಅದಕ್ಕೇ ಓಗ್ತಿರೋದು. ರಜಾ ಮುಗಿದ್ಮ್ಯಾಲೆ ಬತ್ತೀವಿ."

"ಮನೆಗೆ ಜನ ಬತ್ತಾರೆ ಕಣ್ಲಾ!"

"ಬರ್ಲಿ. ನಾನು ಕರ್ದಿಲ್ಲ."

ಗಾಡಿ ಹೊರಟಿತು. ಗಂಡ ಹೆಂಡತಿ ಇಬ್ಬರೇ, ಜಾತ್ರೆಯಲ್ಲ, ಹರಕೆಯಲ್ಲ, ನೆಂಟರ ಮನೆಯೂ ಅಲ್ಲ, ಸುಮ್ಮನೆ ಕೂರುವುದಕ್ಕೆ ಊರು ಬಿಟ್ಟು ಹೋದದ್ದು ನಮ್ಮ ಕಡೆ ಅದೇ ಮೊದಲಿರಬೇಕು. ಧೂಳು ಇಳಿದ ಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಹೂರಣದ ಪಾತ್ರೆಯೂ ನಾಪತ್ತೆ!

ಹೆಣ್ಣಿನ ತಂದೆ ಬಂದರು. ಕೋಟು, ರುಮಾಲು, ಬೆಳ್ಳಿ ಹಿಡಿಯ ಕೊಡೆ. ಗಂಡೂ ಇಲ್ಲ, ಒಬ್ಬಟ್ಟೂ ಇಲ್ಲ. ಅತ್ತೆ ಸೋಲುವ ಪೈಕಿಯೇ? ಪಕ್ಕದ ಮನೆಯ ಗಾಡಿ ಕೇಳಿ ತಂದು, ಅವರನ್ನೂ ನನ್ನ ಗಂಡನನ್ನೂ ಹತ್ತಿಸಿಕೊಂಡು ಮಗನನ್ನು ಹಿಡಿದು ತರಲು ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಹತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಪರದೆ ಕಟ್ಟಿದ ಗಾಡಿಯೊಳಗೆ ಹೆಂಗಸನ್ನು ಕೂರಿಸಿಕೊಂಡು, ಗುಂಡಿ ತಪ್ಪಿಸಿ ನಿಧಾನವಾಗಿ ಹೊಡೆಯುತ್ತಿದ್ದರೆ ಅದಕ್ಕೆ ಒಂದೇ ಅರ್ಥ: ತುಂಬು ಬಸುರಿಯನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಭಾವ ನಿಧಾನವಾಗಿ ಹೊಡೆದದ್ದು ಬಾಗಿಲಿನ ಕೀಲು ಸಡಿಲವಾದೀತೆಂಬ ಹೆದರಿಕೆಗೆ. ಅದು ದಾರಿಯ ಊರುಗಳಿಗೆ ಹೇಗೆ ಗೊತ್ತಾಗಬೇಕು?

"ಬಣ್ಣದ ಗಾಡಿ ನೋಡಿದ್ರಾ?" ಎಂದು ಅತ್ತೆ ಕೇಳಿದರೆ, ಹುಲ್ಲು ಹೊತ್ತಿದ್ದವಳೊಬ್ಬಳು, "ಓ, ಬಸ್ರಿ ಗಾಡಿನಾ? ಇಂಗೇ ಓಯ್ತು. ಪಾಪ, ನಿಂಬೆಹಣ್ಣು ಕೊಟ್ಟೆ" ಎಂದಳು.

ಮುಂದಿನ ಊರಿನಲ್ಲೂ ಅದೇ. "ದಿನ ತುಂಬಿರ್ಬೇಕು ಕಣಮ್ಮ, ಎಷ್ಟು ಉಸಾರಾಗಿ ಒಡೀತಿದ್ದ ಗಂಡ!"

ಹೆಣ್ಣಿನ ತಂದೆ ಕೊಡೆಯನ್ನು ನೆಲಕ್ಕೆ ಕುಟ್ಟುವಂತೆ ಗಾಡಿಯ ಹಲಗೆಗೆ ಕುಟ್ಟಿದರು. "ಏನಮ್ಮಾ ಇದು? ಮಕ್ಕಳಾಗಲ್ಲ ಅಂದ್ರಲ್ಲ ನೀವು!"

ಅತ್ತೆಯ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ನೋಡಿದೆ. ಮಗ ಸೊಸೆ ತಮ್ಮಿಂದ ಬಚ್ಚಿಟ್ಟರೋ ಏನೋ ಎಂಬ ಆಸೆ. ಅದುವರೆಗೂ ಅವರ ಮೇಲೆ ಸಿಟ್ಟಾಗಿದ್ದ ನನಗೆ ಆ ಕ್ಷಣ ಅಯ್ಯೋ ಅನ್ನಿಸಿತು. ಕ್ಷಣ ಮಾತ್ರ!

ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹೊಂಗೆ ಮರದ ಕೆಳಗೆ ಚಕ್ರದ ಮನೆ ನಿಂತಿತ್ತು. ಅದರ ಮುಂದೆ ಅಕ್ಕ ಕೂತಿದ್ದರು. ಎಲ್ಲಿ? ಭಾವನ ಸ್ಟೂಲಿನ ಮೇಲೆ! ಕಾಲು ನೀರಿನಲ್ಲಿ. ಕೈಗೆ ಹಸಿರು ಬಳೆ, ಮಡಿಲ ತುಂಬ ಅಕ್ಕಿ, ತೆಂಗಿನಕಾಯಿ. ಪಕ್ಕದಲ್ಲಿ ಹತ್ತಿರದ ಊರಿನ ಒಬ್ಬ ಮುದುಕಿ ಒಬ್ಬಟ್ಟು ತಿನ್ನುತ್ತಿದ್ದಳು. ಒಬ್ಬಟ್ಟು ಚೌಕಾಕಾರವಾಗಿತ್ತು. ಯಾರು ತಟ್ಟಿದ್ದೆಂದು ಕೇಳಬೇಕೇ? ಅಂಚು ಎಷ್ಟು ನೇರವಿತ್ತೆಂದರೆ ಮೊಳೆ ಹೊಡೆದು ಕಿಟಕಿಗೆ ಕೂರಿಸಬಹುದಿತ್ತು!

ಅತ್ತೆ ಗಾಡಿಯಿಂದ ಧುಮುಕಿ ಓಡಿದರು. "ಎಷ್ಟು ತಿಂಗ್ಳೇ? ನನ್ತಾವ ಯಾಕೆ ಯೋಳ್ಲಿಲ್ಲ?"

ಅಕ್ಕ ಎದ್ದು ನಿಂತರು. ಮಡಿಲ ಅಕ್ಕಿ ಚೆಲ್ಲದಂತೆ ಹಿಡಿದುಕೊಂಡು, ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ಏನೂ ಇಲ್ಲ ಅತ್ತೆ. ಆಗೋದೂ ಇಲ್ಲ."

"ಮತ್ತೆ ಮಡ್ಲು?"

"ನಾನೇ ತುಂಬ್ಸಿದ್ದು," ಎಂದಳು ಮುದುಕಿ, ಬಾಯಿ ತುಂಬ ಒಬ್ಬಟ್ಟಿಟ್ಟುಕೊಂಡು. "ಏನೂ ಇಲ್ಲ ಅಂತ ಅವಳು ಮೊದ್ಲೇ ಯೋಳಿದ್ಲು. ಅದಕ್ಕೇನೀಗ? ತಂದಿದ್ ಅಕ್ಕೀನ ವಾಪಸ್ ಒತ್ಕೊಂಡೋಗ್ಲಾ? ಇವಳು ಎಣ್ಣಲ್ವಾ?"

ಅಷ್ಟರಲ್ಲಿ ಗಾಡಿಯ ಹಿಂದಿನಿಂದ ಕೆಮ್ಮು ಕೇಳಿತು. ಭಾವ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಖವೆಲ್ಲ ಮಸಿ ಮಾಡಿಕೊಂಡು, ಊದುಗೊಳವೆ ಊದುತ್ತಿದ್ದರು. ನಮ್ಮನ್ನು ನೋಡಿಯೂ ನೋಡದವರಂತೆ ಟೀ ಸೋಸಿ, ಲೋಟ ಹಿಡಿದು ನೇರವಾಗಿ ಅಕ್ಕನ ಹತ್ತಿರ ಬಂದರು. ತಾಯಿ ನಿಂತಿದ್ದಾರೆ, ಕೋಟಿನ ನೆಂಟರು ನಿಂತಿದ್ದಾರೆ. ಲೋಟ ಹೋದದ್ದು ಮೊದಲು ಹೆಂಡತಿಯ ಕೈಗೆ.

"ಸಕ್ರೆ ಸಾಕಾ?" ಎಂದರು, ಚಮಚ ಎತ್ತಿ ಹಿಡಿದು.

ಅಕ್ಕ ಒಂದು ಗುಟುಕು ಕುಡಿದು ಸಾಕೆಂದು ತಲೆಯಾಡಿಸಿದರು. ಹೆಣ್ಣಿನ ತಂದೆಗೆ ಅಷ್ಟೇ ಸಾಕಾಯಿತು. "ಒಲೆ ಊದಿ ಎಂಡ್ತೀಗೆ ಟೀ ಕೊಡೋ ಗಂಡ್ಸಾ ಇವನು! ಇಂಥವನಿಗೆ ಎಣ್ಣು ಕೊಡೋದಕ್ಕಿಂತ..." ಎಂದು ಶುರುಮಾಡಿದರು.

"ಕೊಡ್ಬೇಡಿ," ಎಂದರು ಭಾವ. "ನಾನು ಕೇಳಿಲ್ಲ. ನನಗೆ ಎಂಡ್ತಿ ಅವಳೆ. ಟೀ ಬೇಕಾದ್ರೆ ಕೊಡ್ತೀನಿ, ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಕೊಡೆ ಬಿಚ್ಚಿಕೊಂಡು ಬಸ್ಸಿನ ದಾರಿ ಹಿಡಿದರು. ಅಕ್ಕ ಸ್ಟೂಲನ್ನು ಅತ್ತೆಯ ಕಡೆಗೆ ಸರಿಸಲು ಹೋದರು. ಭಾವ ಬಿಡಲಿಲ್ಲ. "ನೀನು ಕೂತ್ಕೊ. ಅವ್ವ, ನೆಲ ಒಣಗೈತೆ, ಕೂತ್ಕ." ಅತ್ತೆ ಮಗನನ್ನೊಮ್ಮೆ, ಆ ಮಡಿಲನ್ನೊಮ್ಮೆ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಟೀ ಕುಡಿದು, "ಸಕ್ರೆ ಕಮ್ಮಿ" ಎಂದರು. ಭಾವ ಇನ್ನೊಂದು ಚಮಚ ಹಾಕಿದರು. ಎರಡನೇ ಮದುವೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ರಜೆ ಮುಗಿದು ವಾಪಸ್ ಬಂದ ಅಕ್ಕನನ್ನು ನಾನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದೆ: "ಅಲ್ಲಿ ಅಷ್ಟು ಹೊತ್ತೂ ಏನು ಮಾಡಿದ್ರಿ ಅಕ್ಕ?"

"ಏನೂ ಇಲ್ಲ ಕಣೆ. ಸುಮ್ಕೆ ಕೂತಿದ್ವಿ." ಕೈಯ ಹಸಿರು ಬಳೆ ತಿರುಗಿಸುತ್ತ ಹೇಳಿದರು: "ಈ ಮನೆಗೆ ಬಂದಾಗ್ಲಿಂದ ಎಲ್ರಿಗೂ ನಾನೇ ಕೇಳಿದ್ದು, ಸಾಕಾ, ಇನ್ನೊಸಿ ಆಕ್ಲಾ ಅಂತ. ನನ್ನ ಯಾರೂ ಕೇಳಿರ್ಲಿಲ್ಲ. ನನ್ನ ನಾನೂ ಕೇಳ್ಕೊಂಡಿರ್ಲಿಲ್ಲ ಬಿಡು, ನಂಗೆ ಎಷ್ಟು ಸಕ್ರೆ ಇಷ್ಟ ಅನ್ನೋದೇ ನಂಗೊತ್ತಿರ್ಲಿಲ್ಲ."

ಎಷ್ಟೋ ಕಾಲ ಆ ಗಾಡಿ ವರ್ಷಕ್ಕೊಮ್ಮೆ ಕಾಲುವೆಗೆ ಹೋಗಿ ಬಂತು. ಊರು ನಗುವುದನ್ನು ನಿಲ್ಲಿಸಲಿಲ್ಲ, ಭಾವ ಹೋಗುವುದನ್ನು ನಿಲ್ಲಿಸಲಿಲ್ಲ. ಈಗ ಭಾವ ಇಲ್ಲ. ನಾನೂ ಅಕ್ಕನೂ ಮುದುಕಿಯರಾಗಿದ್ದೇವೆ. ಸಂಜೆ ಟೀ ಮಾಡುವವಳು ನಾನು. ಸ್ಟೂಲಿನ ಮೇಲೆ ಕೂತು ಕುಡಿಯುವವರು ಅಕ್ಕ. ಮೊನ್ನೆ ಲೋಟ ಕೊಟ್ಟು, ದಿನದ ಹಾಗೆ, "ಸಕ್ಕರೆ ಸಾಕಾ ಅಕ್ಕ?" ಎಂದೆ. "ಸಾಕು ಕಣೆ" ಎಂದು ಪೂರ್ತಿ ಕುಡಿದರು. ನನ್ನ ಲೋಟ ಬಾಯಿಗಿಟ್ಟಾಗ ಗೊತ್ತಾಯಿತು, ಆ ದಿನ ನಾನು ಸಾಕಾ ಎಂದು ಕೇಳಿದ್ದೆನೇ ಹೊರತು, ಸಕ್ಕರೆಯನ್ನೇ ಹಾಕಿರಲಿಲ್ಲ.